ಚಪ್ಪರ ಹಾಕುವ ಮೊದಲು

(ರಾಯಚೂರು ನಗರದಲ್ಲಿ ನಡೆದ ತಿಂಗಳ ಶಿವಾನುಭವ ಗೋಷ್ಠಿಯಲ್ಲಿ ನಿವೃತ್ತ ಅಂಗನವಾಡಿ ಮೇಲ್ವಿಚಾರಕಿಯೊಬ್ಬರು ಆಡಿದ ಮಾತುಗಳ ಬರಹ ರೂಪ)

ಮಕ್ಕಳ ರಕ್ಷಣೆಯಲ್ಲಿ ಸಮಾಜದ ಪಾತ್ರ ಎಂಬ ವಿಷಯ ಕೊಟ್ಟಿದ್ದಾರೆ. ವಿಷಯ ದೊಡ್ಡದು. ನನಗೆ ಗೊತ್ತಿರುವುದು ಅದರ ಒಂದು ತುಣುಕು ಮಾತ್ರ. ಮೂವತ್ತು ವರ್ಷಕ್ಕೂ ಮಿಕ್ಕಿ ದೇವದುರ್ಗ, ಮಾನ್ವಿ ತಾಲೂಕುಗಳ ಹಳ್ಳಿಗಳಲ್ಲಿ, ಕೊನೆಗೆ ಕೆಲವು ವರ್ಷ ರಾಯಚೂರು ನಗರದಲ್ಲಿ ಕೆಲಸ ಮಾಡಿದೆ. ಸಿರವಾರ ಇನ್ನೂ ಮಾನ್ವಿ ತಾಲೂಕಿನಲ್ಲೇ ಇದ್ದ ಕಾಲ ಅದು. ನಮ್ಮ ಕೆಲಸವೆಂದರೆ ಮಕ್ಕಳ ತೂಕ, ಮೊಟ್ಟೆ, ಹಾಲಿನ ಪುಡಿ, ತಾಯಿ ಕಾರ್ಡು. ಆದರೆ ಬಾಲ್ಯವಿವಾಹ ನಿಷೇಧ ಅಧಿಕಾರಿಗಳ ಪಟ್ಟಿಯಲ್ಲಿ ತಹಶೀಲ್ದಾರರು, ಪಿಡಿಒ, ಮುಖ್ಯೋಪಾಧ್ಯಾಯರ ಜೊತೆಗೆ ನಮ್ಮನ್ನೂ ಸೇರಿಸಿದ್ದಾರೆ. ಹಾಗಾಗಿ ತೂಕದ ಯಂತ್ರ ಹಿಡಿದು ಹೋದ ಮನೆಗೇ ಮತ್ತೊಂದು ದಿನ ಮದುವೆ ನಿಲ್ಲಿಸಲಿಕ್ಕೂ ಹೋಗಬೇಕಾಗುತ್ತಿತ್ತು. ಮೊದಲ ಸಲ ಹೋದಾಗ ಚಹಾ, ಎರಡನೇ ಸಲ ಹೋದಾಗ ಬೈಗುಳ. ಆ ಎರಡನೇ ಸಲದ ಬಗ್ಗೆಯೇ ಇವತ್ತು ನನ್ನ ಮಾತು. ಬಾಗಿಲಿಗೆ ಅಡ್ಡ ನಿಂತು, ಕೆಲವೊಮ್ಮೆ ಕೈಯಲ್ಲಿ ಏನಾದರೂ ಹಿಡಿದು ನಿಲ್ಲುವ ತಂದೆ ತಾಯಿಯ ಬಗ್ಗೆ.

ನಮ್ಮವರಲ್ಲಿ ಹಾಗೆಲ್ಲ ಇಲ್ಲ ಬಿಡ್ರಿ ಎಂದು ಯಾರಾದರೂ ಅಂದುಕೊಳ್ಳುವ ಮೊದಲೇ ಒಂದು ಮಾತು ಹೇಳುತ್ತೇನೆ. ಕೊರಳಲ್ಲಿ ಇಷ್ಟಲಿಂಗ ಕಟ್ಟಿಕೊಂಡ ಅಪ್ಪಂದಿರೂ ನನ್ನನ್ನು ಬೈದು ಕಳಿಸಿದ್ದಾರೆ. ಜಾತಿ ಯಾವುದಾದರೂ ಬೈಗುಳ ಒಂದೇ. 'ನಮ್ಮ ಮಗಳು, ನಮ್ಮ ಚಪ್ಪರ. ನೀವ್ಯಾರ್ರೀ ಕೇಳಾಕ?'

ಈ ಪ್ರಶ್ನೆಗೆ ಕಾನೂನಿನಲ್ಲಿ ಉತ್ತರವಿದೆ. 1929ರ ಶಾರದಾ ಕಾಯ್ದೆ ಬ್ರಿಟಿಷ್ ಇಂಡಿಯಾಕ್ಕೆ ಮಾಡಿದ್ದು. ನಿಜಾಮರ ಆಳ್ವಿಕೆಯಲ್ಲಿದ್ದ ನಮ್ಮ ರಾಯಚೂರಿಗೆ ಆಗ ಅದು ಅನ್ವಯವಾಗುತ್ತಿರಲಿಲ್ಲ. ಈಗ ಹಾಗಲ್ಲ. 2006ರ ಬಾಲ್ಯವಿವಾಹ ನಿಷೇಧ ಕಾಯ್ದೆ ಇಡೀ ನಾಡಿಗೆ ಇದೆ. ಹೆಣ್ಣಿಗೆ 18, ಗಂಡಿಗೆ 21. ಹೈಕೋರ್ಟಿನ ಆದೇಶದ ಮೇಲೆ ಬಾಲ್ಯವಿವಾಹ ತಡೆಯಲು ಸರ್ಕಾರ ಒಂದು ಸಮಿತಿ ಮಾಡಿತು. ಅದರ ಅಧ್ಯಕ್ಷರು ನಮ್ಮ ಜಿಲ್ಲೆಯವರೇ ಆದ ನ್ಯಾಯಮೂರ್ತಿ ಶಿವರಾಜ ಪಾಟೀಲರು. 2011ರಲ್ಲಿ ಅವರು ವರದಿ ಕೊಟ್ಟರು. ಆಮೇಲೆ 2016ರ ರಾಜ್ಯದ ತಿದ್ದುಪಡಿ ಬಂತು. ಅದು ಜಾರಿಯಾದ ಮೇಲೆ ಕರ್ನಾಟಕದಲ್ಲಿ ನಡೆದ ಬಾಲ್ಯವಿವಾಹ ಮೊದಲಿನಿಂದಲೇ ಅಸಿಂಧು, ಅಂದರೆ ಮದುವೆಯೇ ಆಗಿಲ್ಲ ಎಂದು ಲೆಕ್ಕ. ಪೊಲೀಸರು ಯಾರ ದೂರಿಗೂ ಕಾಯದೆ ತಾವಾಗಿಯೇ ಕೇಸು ಹಾಕಬಹುದು. ಶಿಕ್ಷೆ ಒಂದು ವರ್ಷಕ್ಕೆ ಕಡಿಮೆಯಿಲ್ಲ, ಎರಡು ವರ್ಷದವರೆಗೆ.

ಇಷ್ಟೆಲ್ಲ ಇದ್ದರೂ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಏನು ಹೇಳುತ್ತದೆ? ನಮ್ಮ ರಾಜ್ಯದಲ್ಲಿ 20ರಿಂದ 24 ವಯಸ್ಸಿನ ಹೆಣ್ಣುಮಕ್ಕಳಲ್ಲಿ ನೂರಕ್ಕೆ 21 ಜನರ ಮದುವೆ 18 ತುಂಬುವ ಮೊದಲೇ ಆಗಿತ್ತು. ಐವರಲ್ಲಿ ಒಬ್ಬಳು. ಈ ಸಭಾಂಗಣದ ಹೆಣ್ಣುಮಕ್ಕಳ ಕಡೆ ತಿರುಗಿ ಎಣಿಸುವುದು ಬೇಡ, ನಮಗೇ ಗೊತ್ತಾಗುತ್ತದೆ.

ಕಾನೂನು ಓದಿ ಹೇಳಿದರೆ ಬಾಗಿಲಲ್ಲಿ ನಿಂತ ಅಪ್ಪ ಸರಿದು ದಾರಿ ಬಿಡುವುದಿಲ್ಲ. ಕಾಯ್ದೆಯ ಕಲಂ ಹೇಳಿದಷ್ಟೂ ಅವನ ದನಿ ಏರುತ್ತದೆ, ಯಾಕೆಂದರೆ ಸುತ್ತ ಬೀಗರು ನಿಂತಿರುತ್ತಾರೆ. ಬೀಗರ ಮುಂದೆ ಸರ್ಕಾರದ ಹೆಂಗಸಿನ ಮಾತು ಕೇಳಿದ ಎನ್ನಿಸಿಕೊಳ್ಳಲು ಯಾವ ಅಪ್ಪನೂ ತಯಾರಿರುವುದಿಲ್ಲ.

ಈ ಸಿಟ್ಟು ಎಲ್ಲಿಯವರೆಗೆ ಹೋಗಬಹುದು ಎನ್ನುವುದಕ್ಕೆ ಎರಡು ಹೆಸರು ಹೇಳುತ್ತೇನೆ. ರಾಜಸ್ಥಾನದ ಭಟೇರಿ ಎಂಬ ಹಳ್ಳಿಯಲ್ಲಿ ಭಂವರಿ ದೇವಿ ಎಂಬ ಹೆಣ್ಣುಮಗಳು 'ಸಾಥಿನ್' ಎಂದು, ಅಂದರೆ ನಮ್ಮ ಅಂಗನವಾಡಿ ಕಾರ್ಯಕರ್ತೆಯ ಹಾಗೆ, ಊರಲ್ಲೇ ಇದ್ದು ಕೆಲಸ ಮಾಡುತ್ತಿದ್ದರು. ಇನ್ನೂ ವರ್ಷ ತುಂಬದ ಕೂಸಿನ ಮದುವೆ ತಡೆಯಲು ಹೋದದ್ದಕ್ಕೆ 1992ರಲ್ಲಿ ಆ ಊರಿನ ಗಂಡಸರು ಅವರ ಮೇಲೆ ಸಾಮೂಹಿಕ ಅತ್ಯಾಚಾರ ಮಾಡಿದರು. ಕೆಳಗಿನ ಕೋರ್ಟು ಆರೋಪಿಗಳನ್ನು ಅತ್ಯಾಚಾರದ ಆರೋಪದಿಂದ ಬಿಟ್ಟುಬಿಟ್ಟಿತು. ಆ ಪ್ರಕರಣದಿಂದ ಹುಟ್ಟಿದ ಅರ್ಜಿಯ ಮೇಲೆಯೇ ಸುಪ್ರೀಂ ಕೋರ್ಟು 1997ರಲ್ಲಿ ವಿಶಾಖಾ ತೀರ್ಪು ಕೊಟ್ಟಿತು. ಇವತ್ತು ನಮ್ಮ ಹೆಣ್ಣುಮಕ್ಕಳು ಬ್ಯಾಂಕಿನಲ್ಲಿ, ಆಫೀಸಿನಲ್ಲಿ ಲೈಂಗಿಕ ಕಿರುಕುಳದ ದೂರು ಕೊಡಲು ಒಂದು ಸಮಿತಿ ಇದೆಯಲ್ಲ, ಅದರ ಬೇರು ಒಂದು ಬಾಲ್ಯವಿವಾಹ ತಡೆಯಲು ಹೋದ ಹಳ್ಳಿಯ ಹೆಂಗಸಿನಲ್ಲಿದೆ. ಇನ್ನೊಬ್ಬರು ಮಧ್ಯಪ್ರದೇಶದ ಧಾರ್ ಜಿಲ್ಲೆಯ ಶಕುಂತಲಾ ವರ್ಮಾ. ಅವರೂ ನನ್ನ ಹಾಗೆ ಮೇಲ್ವಿಚಾರಕಿ. ಬಾಲ್ಯವಿವಾಹ ಬೇಡವೆಂದು ಮನೆ ಮನೆಗೆ ಹೋಗಿ ಹೇಳಿದ್ದಕ್ಕೆ 2005ರಲ್ಲಿ ಅವರ ಮೇಲೆ ಕತ್ತಿ ಬೀಸಿ ಕೈ ಕಡಿದರು. ಆ ಸುದ್ದಿ ಬಂದ ವಾರ ನಮ್ಮ ಮೀಟಿಂಗಿನಲ್ಲಿ ಯಾರೂ ಹೆಚ್ಚು ಮಾತಾಡಲಿಲ್ಲ. ಮರುದಿನ ಎಲ್ಲರೂ ಅವರವರ ಸರ್ಕಲ್ಲಿಗೆ ಹೋದೆವು.

ನಮ್ಮ ಕಡೆ ಕತ್ತಿಗಿಂತ ನಾನು ಹೆಚ್ಚು ಹೆದರಿದ್ದು ಬಾಟಲಿಗೆ. ಹತ್ತಿಗೆ ಹೊಡೆಯುವ ಔಷಧಿಗೆ ನಾವು ಎಣ್ಣಿ ಎನ್ನುತ್ತೇವೆ. ಎರೆಭೂಮಿಯ ಹಳ್ಳಿಗಳಲ್ಲಿ ಆ ಬಾಟಲಿ ಇಲ್ಲದ ಮನೆಯಿಲ್ಲ. ಜಂತಿಗೋ ಗೂಡಿಗೋ ಸಿಕ್ಕಿಸಿರುತ್ತಾರೆ.

ದೇವದುರ್ಗ ತಾಲೂಕಿನ ಒಂದು ಊರು. ಒಂಬತ್ತನೇ ತರಗತಿಯ ಹುಡುಗಿ. ಮದುವೆಗೆ ಇನ್ನೂ ಮೂರು ವಾರ ಇತ್ತು. ಹುಡುಗಿ ಟಿಸಿ ಕೇಳಲು ಬಂದಾಗ ಶಾಲೆಯವರಿಗೆ ಅನುಮಾನ ಬಂದು ನಮಗೆ ತಿಳಿಸಿದ್ದರು. ಜೀಪು ಒಯ್ಯಲಿಲ್ಲ, ಪೊಲೀಸರನ್ನೂ ಕರೆಯಲಿಲ್ಲ. ನಾನು, ಆ ಊರಿನ ಕಾರ್ಯಕರ್ತೆ ಇಬ್ಬರೇ ಸಂಜೆ ಹೋದೆವು. ಹೊಲದಿಂದ ಆಗ ತಾನೇ ಬಂದಿದ್ದ ಅಪ್ಪ ನಮ್ಮನ್ನು ನೋಡಿದವನೇ ಒಳಗೆ ಓಡಿ ಬಾಟಲಿ ತಂದ. 'ಇನ್ನೊಂದ್ ಹೆಜ್ಜಿ ಇಟ್ರ ಕುಡೀತೀನಿ ನೋಡ್ರಿ. ನನ್ ಹೆಣ ನಿಮ್ಮ ಮ್ಯಾಲೆ' ಅಂದ. ಮುಚ್ಚಳ ತಿರುವಿದ್ದ. ವಾಸನೆ ನಮ್ಮವರೆಗೂ ಬಂತು.

ಇಂಥ ಹೊತ್ತಿನಲ್ಲಿ ಬೇಡ ಬೇಡ ಎಂದು ಮುಂದೆ ಓಡಬಾರದು, ಓಡಿದರೆ ಅವನು ಎತ್ತೇಬಿಡುತ್ತಾನೆ. ಕುಡಿ ನೋಡೋಣ ಎನ್ನುವ ಮಾತಂತೂ ಮನಸ್ಸಿನಲ್ಲೂ ಬರಬಾರದು. ನಾನು ಹೊರಗಿನ ಕಟ್ಟೆಯ ಮೇಲೆ ಕುಳಿತುಬಿಟ್ಟೆ. 'ಅಣ್ಣಾರ, ದೂರದಿಂದ ನಡಕೊಂಡ್ ಬಂದೀವಿ. ಮೊದಲ ಒಂದೀಟ್ ನೀರ್ ಕೊಡಸ್ರಿ' ಅಂದೆ. ನಮ್ಮ ಸೀಮೆಯಲ್ಲಿ ವೈರಿ ಬಂದು ಕೇಳಿದರೂ ನೀರು ಇಲ್ಲ ಎನ್ನುವುದಿಲ್ಲ. ಹೆಂಡತಿ ತಂಬಿಗೆ ತರಲು ಒಳಗೆ ಹೋದಳು. ಅವನಿಗೆ ಆ ಬಾಟಲಿ ಹಿಡಿದುಕೊಂಡು ಏನು ಮಾಡಬೇಕೋ ತಿಳಿಯಲಿಲ್ಲ. ಅಷ್ಟರಲ್ಲಿ ಅವನ ಮುದಿ ತಾಯಿ ಎದ್ದು ಬಂದು, 'ಇಲ್ಲಿ ಕೊಡಪ, ಅದು ಹತ್ತಿಗಿ ಬೇಕು' ಅಂತ ಕೈಯಿಂದ ತೆಗೆದುಕೊಂಡು ಹೋದಳು. ಆ ಅಮ್ಮ ಕಲಿತ ಶಾಲೆ ಯಾವುದೋ ಗೊತ್ತಿಲ್ಲ, ನಮ್ಮ ಯಾವ ತರಬೇತಿಯಲ್ಲೂ ಅಂಥ ಮಾತು ಹೇಳಿಕೊಟ್ಟಿಲ್ಲ.

ಎರಡು ತಾಸು ಕುಳಿತೆವು. ಮಗಳ ಮದುವೆಯ ಮಾತು ಮೊದಲ ಒಂದು ತಾಸು ನಾನು ಎತ್ತಲೇ ಇಲ್ಲ. ಹತ್ತಿ ಏನಾಯಿತು, ಕಾಲುವೆ ನೀರು ಬಂತೋ, ಸಾಲ ಎಲ್ಲಿ ಮಾಡಿದ್ದೀರಿ ಎಂದು ಕೇಳಿದೆ. ಹತ್ತಿ ಬಿಡಿಸಿದ ಮೇಲೆ ಗಂಡ ಹೆಂಡತಿ ಬೆಂಗಳೂರಿಗೆ ಗುಳೆ ಹೋಗುವವರಿದ್ದರು, ಕಟ್ಟಡದ ಕೆಲಸಕ್ಕೆ. ಅದು ತಡವಾಗಿ ಬಾಯಿಗೆ ಬಂತು. 'ಬೆಳದ ಹುಡುಗೀನ ಅಲ್ಲಿ ಶೆಡ್ಡಿನಾಗ ಹೆಂಗ್ ಇಟಗೋಬೇಕ್ರಿ? ಇಲ್ಲಿ ಬಿಟ್ರ ಮುದುಕಿ ಹೆಂಗ್ ಕಾಯ್ತಾಳ್ರಿ?' ಇಷ್ಟೇ ಅವನ ಸಮಸ್ಯೆ. ಗಂಡು ಹುಡುಕಿದ್ದು ಮಗಳ ಮೇಲಿನ ದ್ವೇಷದಿಂದಲ್ಲ, ಅವಳನ್ನು ಎಲ್ಲಿ ಬಿಟ್ಟು ಹೋಗುವುದು ಎಂಬ ಚಿಂತೆಯಿಂದ. ಹಾಸ್ಟೆಲ್ಲಿನಲ್ಲಿ ಒಂದು ಸೀಟು ಸಿಕ್ಕರೆ ಅರ್ಧ ಚಿಂತೆ ಮುಗಿಯುತ್ತಿತ್ತು. ಅದಕ್ಕೆ ಹದಿನೈದು ದಿನ ಓಡಾಡಿದೆವು, ಸಿಕ್ಕಿತು. ಗಂಡಿನ ಕಡೆಯವರಿಗೆ ಇನ್ನೂ ಏನೂ ಕೊಟ್ಟಿರಲಿಲ್ಲ, ಬಟ್ಟೆ ಸಹ ತಂದಿರಲಿಲ್ಲ. ಆದ್ದರಿಂದ ಮಾತು ಮುರಿಯುವುದು ಅಷ್ಟು ಕಷ್ಟವಾಗಲಿಲ್ಲ. ಅವಳ ಮದುವೆ ಆಮೇಲೆ ಆಯಿತು, ಹತ್ತೊಂಬತ್ತು ತುಂಬಿದ ಮೇಲೆ. ಲಗ್ನಪತ್ರಿಕೆ ಕಳಿಸಿದ್ದರು. ಹೋಗಿ ಉಂಡು ಬಂದೆ.

ಇದರ ಎದುರಿಗೆ ಮಾನ್ವಿ ತಾಲೂಕಿನ ಇನ್ನೊಂದು ಊರನ್ನು ಇಟ್ಟು ನೋಡಿ. ಅಲ್ಲಿಯೂ ಹುಡುಗಿಗೆ ಹದಿನಾರು. ಅಕ್ಕನ ಮದುವೆಯ ಚಪ್ಪರದಲ್ಲೇ ತಂಗಿಯದನ್ನೂ ಮುಗಿಸಿಬಿಡುವುದು, ಖರ್ಚು ಒಂದೇ ಸಲ ಎಂಬ ಲೆಕ್ಕ. ಗಂಡು ಬೇರೆ ಯಾರೂ ಅಲ್ಲ, ಸೋದರಮಾವ. ಹೀಗಿದ್ದಾಗ ತಾಯಿಯ ಬಾಯಿ ಕಟ್ಟಿಹೋಗುತ್ತದೆ, ಯಾಕೆಂದರೆ ಬೇಡ ಎಂದರೆ ತವರಿನ ಬಾಗಿಲು ಮುಚ್ಚಿತು. 1098ಕ್ಕೆ ಕರೆ ಬಂದದ್ದು ಹಿಂದಿನ ರಾತ್ರಿ ಹತ್ತು ಗಂಟೆಗೆ. ನಾವು ಪೊಲೀಸರು, ಪಿಡಿಒ ಜೊತೆ ಮುಟ್ಟುವಷ್ಟರಲ್ಲಿ ಬೆಳಗಾಗಿತ್ತು. ಅರಿಷಿಣ ಹಚ್ಚಿಯಾಗಿತ್ತು, ಅಡಿಗೆಯಾಗಿತ್ತು, ಮೂರು ಊರಿನ ಬೀಗರು ಟ್ರ್ಯಾಕ್ಟರಿನಲ್ಲಿ ಬಂದಿಳಿದಿದ್ದರು.

ಅಪ್ಪ ಅಲ್ಲಿ ಒಂದು ಮಾತೂ ಆಡಲಿಲ್ಲ, ಕಂಬ ಹಿಡಿದು ನಿಂತಿದ್ದ. ಸಿಟ್ಟಾದವರು ಉಳಿದವರೆಲ್ಲ. ಮಾವನ ಗೆಳೆಯರು, ದೊಡ್ಡಪ್ಪ, ಊರಿನ ಇಬ್ಬರು ಹಿರಿಯರು. ಕಲ್ಲು ಎಲ್ಲಿಂದ ಬಂತೋ ಗೊತ್ತಾಗಲಿಲ್ಲ, ಜೀಪಿನ ಗಾಜು ಒಡೆಯಿತು. ಒಬ್ಬ ಹೊಸ ಪೇದೆಯ ಹಣೆ ಸೀಳಿತು, ನನ್ನ ಕೈಗೆ ಗೀರು. ಹುಡುಗಿಯನ್ನು ಸೀರೆಯ ಸೆರಗಿನಲ್ಲಿ ಮುಚ್ಚಿ ಹೊರಗೆ ಕರೆತಂದೆವು. ಇಪ್ಪತ್ನಾಲ್ಕು ತಾಸಿನೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು, ಪಡಿಸಿದೆವು. ಕೆಲವು ದಿನ ಬಾಲಮಂದಿರದಲ್ಲಿದ್ದಳು, ಆಮೇಲೆ ಮುಚ್ಚಳಿಕೆ ಬರೆಸಿಕೊಂಡು ಮನೆಗೆ ಕಳಿಸಿದರು.

ಎರಡು ದಿನ ಬಿಟ್ಟು ಆ ಅಪ್ಪ ಆಫೀಸಿಗೆ ಬಂದ. ಬಾಗಿಲಲ್ಲೇ ನಿಂತು ಕೇಳಿದ: 'ಮೇಸ್ತ್ರಿ ಕಡೆ ಅಡ್ವಾನ್ಸ್ ತಂದು ಚಪ್ಪರ ಹಾಕಿದ್ದೆ. ಅಡಿಗಿ ಮಾಡಿದ್ದು ಮಣ್ಣಾಗ ಹೋತು. ಆ ಸಾಲ ನೀವು ತೀರಸ್ತೀರೇನ್ರಿ?'

ಈ ಪ್ರಶ್ನೆಯನ್ನು ನಾವು ಸುಮ್ಮನೆ ತಳ್ಳಿಹಾಕಬಾರದು. ಅವನು ಮಾಡಲು ಹೊರಟದ್ದು ಅಪರಾಧ, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಸಾಲ ನಿಜ. ಆ ಸಾಲ ತೀರಿಸಲು ಮುಂದಿನ ಸುಗ್ಗಿಗೆ ಅದೇ ಹುಡುಗಿ ಟಂಟಂನಲ್ಲಿ ಹತ್ತಿ ಬಿಡಿಸಲು ಹೋಗುತ್ತಾಳೆ, ಶಾಲೆ ಬಿಡುತ್ತಾಳೆ. ಬಾಗಿಲಲ್ಲಿ ನಿಲ್ಲುವ ಸಿಟ್ಟನ್ನು ಅಷ್ಟು ವರ್ಷ ನೋಡಿ ನನಗೆ ತಿಳಿದದ್ದು ಇದೊಂದು: ನಾವು ತಡವಾಗಿ ಹೋದಷ್ಟೂ ಅಪ್ಪನ ಸಿಟ್ಟು ಹೆಚ್ಚು. ಮೂರು ವಾರ ಮೊದಲು ಹೋದಾಗ ಅವನಿಗೆ ಹೋಗುವುದು ಒಂದು ಮಾತು. ಮೂರು ದಿನ ಮೊದಲು ಹೋದರೆ ಹೋಗುವುದು ದುಡ್ಡು. ಮದುವೆಯ ಮುಂಜಾನೆ ಹೋದರೆ ದುಡ್ಡೂ ಹೋಯಿತು, ಮೂರು ಊರಿನ ಮುಂದೆ ಮಾನವೂ ಹೋಯಿತು. ಕಲ್ಲು ಬೀಳುವುದು ಆ ಮುಂಜಾನೆ.

ಹಾಗಾದರೆ ಮೊದಲೇ ಯಾಕೆ ಹೋಗಲಿಲ್ಲ ಎಂದರೆ ನಮಗೆ ಗೊತ್ತಿರಲಿಲ್ಲ. ಗೊತ್ತಿದ್ದವರು ಬಹಳ ಜನ. ಮುಹೂರ್ತ ಬರೆದುಕೊಟ್ಟ ಅಯ್ಯನವರಿಗೆ ಗೊತ್ತಿತ್ತು. ಲಗ್ನಪತ್ರಿಕೆ ಅಚ್ಚು ಹಾಕಿದ ಪ್ರೆಸ್ಸಿನವನಿಗೆ, ಜವಳಿ ಅಂಗಡಿಯವರಿಗೆ, ಶಾಮಿಯಾನದವನಿಗೆ, ಅಡಿಗೆ ಭಟ್ಟರಿಗೆ, ಮೈಕಿನವನಿಗೆ, ಬಾಜಾ ಭಜಂತ್ರಿಯವರಿಗೆ, ಎಲ್ಲರಿಗೂ ವಾರಗಟ್ಟಲೆ ಮೊದಲೇ ಗೊತ್ತಿತ್ತು. ಹುಡುಗಿ ಶಾಲೆ ಬಿಟ್ಟದ್ದು ಊರಿಗೆಲ್ಲ ಗೊತ್ತಿತ್ತು. ಕೊನೆಗೆ ಕರೆ ಮಾಡಿದವಳು ಅವಳ ಜೊತೆ ಓದುವ ಒಬ್ಬ ಹುಡುಗಿ. ಹಿರಿಯರೆಲ್ಲ ಸುಮ್ಮನಿದ್ದ ಊರಿನಲ್ಲಿ ಒಂದು ಮಗು ರಾತ್ರಿ ಹತ್ತಕ್ಕೆ ಅಣ್ಣನ ಮೊಬೈಲು ಕದ್ದು ಕರೆ ಮಾಡಬೇಕಾಯಿತು.

ಮಠಗಳ ಬಳಗದ ಮುಂದೆ ಈ ಮಾತು ಆಡುತ್ತಿರುವುದು ಅದಕ್ಕೇ. ಆ ಪಟ್ಟಿಯಲ್ಲಿ ನೀವಿದ್ದೀರಿ. ಕಲ್ಯಾಣ ಮಂಟಪ ಕೊಡುವವರು ನೀವು. ಸಾಮೂಹಿಕ ವಿವಾಹ ಮಾಡಿಸುವವರು ನೀವು. ಮುಹೂರ್ತ ಕೇಳಲು ಜನ ಬರುವುದು ನಿಮ್ಮ ಬಳಿಗೆ. ಕಾಯ್ದೆಯ 10ನೇ ಕಲಂ ಪ್ರಕಾರ ಬಾಲ್ಯವಿವಾಹ ಮಾಡಿಸಿದವರು, ನಡೆಸಿಕೊಟ್ಟವರು, ಪ್ರೋತ್ಸಾಹಿಸಿದವರು ಎಲ್ಲರೂ ಅಪರಾಧಿಗಳೇ. ನನಗೆ ಗೊತ್ತಿರಲಿಲ್ಲ ಎಂದು ಸುಮ್ಮನೆ ಹೇಳಿದರೆ ಸಾಲದು. ಇದು ಬಾಲ್ಯವಿವಾಹವಲ್ಲ ಎಂದು ನಂಬಲು ಕಾರಣವಿತ್ತು ಎಂದು ಅವರೇ ಸಾಬೀತುಪಡಿಸಬೇಕು.

ಇನ್ನೊಂದು ವಿಷಯವನ್ನು ನಾನು ಎಲ್ಲಿ ಮಾತಾಡಿದರೂ ಹೇಳುತ್ತೇನೆ. ಅದೇ ಕಾಯ್ದೆ ಒಂದು ದಿನದ ಹೆಸರನ್ನು ಎತ್ತಿ ಹೇಳುತ್ತದೆ. ಸಾಮೂಹಿಕ ಬಾಲ್ಯವಿವಾಹ ನಡೆಯುವ ದಿನಗಳು, ಉದಾಹರಣೆಗೆ ಅಕ್ಷಯ ತೃತೀಯ, ಅಂಥ ದಿನಗಳಲ್ಲಿ ಜಿಲ್ಲಾ ದಂಡಾಧಿಕಾರಿಯೇ ನಿಷೇಧ ಅಧಿಕಾರಿ ಎಂದು. ಅಕ್ಷಯ ತೃತೀಯ ಯಾವ ದಿನ? ನಮಗೆ ಅದು ಬಸವ ಜಯಂತಿ. ಎಂಟನೇ ವಯಸ್ಸಿನಲ್ಲಿ ಜನಿವಾರ ಬೇಡವೆಂದು ತಂದೆಯ ಮನೆ ಬಿಟ್ಟ ಹುಡುಗನೆಂದು ಪರಂಪರೆ ಯಾರನ್ನು ನೆನೆಯುತ್ತದೋ, ಅವರನ್ನೇ ತೊಟ್ಟಿಲಿಗೆ ಹಾಕಿ ನಮ್ಮ ಹೆಣ್ಣುಮಕ್ಕಳು ಜೋಗುಳ ಹಾಡುವ ದಿನ. ಒಂದು ಮಗು ಹಿರಿಯರಿಗೆ ಬೇಡ ಎಂದದ್ದನ್ನು ಒಂಬೈನೂರು ವರ್ಷ ಹಾಡಿ ಹೊಗಳಿದ್ದೇವೆ. ನಮ್ಮ ಮನೆಯ ಹದಿನೈದರ ಹುಡುಗಿ ನನಗೆ ಈಗಲೇ ಬೇಡಪ್ಪ ಎಂದರೆ ಕಪಾಳಕ್ಕೆ ಹೊಡೆಯುತ್ತೇವೆ. ಆ ದಿನ ಮುಹೂರ್ತ ನೋಡುವ ಅಗತ್ಯವಿಲ್ಲ, ಸದಾ ಶುಭ ಎಂದು ಜನ ನಂಬುತ್ತಾರೆ. ಅದಕ್ಕೇ ನಮ್ಮವರು ಆವತ್ತು ಬೆಳಿಗ್ಗೆ ಮೆರವಣಿಗೆಗೆ ಬಂದರೆ ಮಧ್ಯಾಹ್ನ ಜೀಪು ಹತ್ತುತ್ತಿದ್ದೆವು.

ಮಂಟಪ ಕೇಳಲು ಬಂದವರಿಗೆ ವಯಸ್ಸಿನ ದಾಖಲೆ ಕೇಳಿ. ಆಧಾರ್ ಕಾರ್ಡು ತೋರಿಸುತ್ತಾರೆ. ಒಪ್ಪಬೇಡಿ. ಅದರಲ್ಲಿ ಜನ್ಮ ದಿನಾಂಕ ತಿದ್ದಿಸಿಕೊಂಡು ಬಂದವರನ್ನು ನಾನೇ ನೋಡಿದ್ದೇನೆ. ಆಧಾರ್ ಹುಟ್ಟಿದ ದಿನಕ್ಕೆ ಪುರಾವೆಯಲ್ಲ ಎಂದು 2024ರಲ್ಲಿ ಸುಪ್ರೀಂ ಕೋರ್ಟು ಸಹ ಹೇಳಿದೆ. ಬಾಲನ್ಯಾಯ ಕಾಯ್ದೆಯ 94ನೇ ಕಲಂನಲ್ಲಿ ಕ್ರಮ ಇದೆ: ಮೊದಲು ಶಾಲೆಯ ದಾಖಲೆ ಅಥವಾ ಹತ್ತನೇ ತರಗತಿಯ ಅಂಕಪಟ್ಟಿ, ಅದಿಲ್ಲದಿದ್ದರೆ ಪಂಚಾಯಿತಿಯ ಜನನ ಪ್ರಮಾಣಪತ್ರ, ಅದೂ ಇಲ್ಲದಿದ್ದರೆ ಮಾತ್ರ ವೈದ್ಯರ ಪರೀಕ್ಷೆ. ನೀವು ಶಾಲೆಯ ದಾಖಲೆ ಒಂದು ಕೇಳಿದರೆ ಸಾಕು. ಸಾಮೂಹಿಕ ವಿವಾಹಕ್ಕೆ ಹೆಸರು ಬರೆಸಿಕೊಳ್ಳುವ ಮೊದಲ ದಿನವೇ ಕೇಳಬೇಕು, ತಾಳಿ ಹಂಚುವ ದಿನವಲ್ಲ. ಮಠದ ಮಂಟಪದಲ್ಲಿ ಇಲ್ಲ ಎನ್ನಿಸಿಕೊಂಡ ಅಪ್ಪನಿಗೆ ಆಗ ಇನ್ನೂ ಏನೂ ಖರ್ಚಾಗಿರುವುದಿಲ್ಲ. ಸಿಟ್ಟು ಬಂದರೂ ನಾಲ್ಕು ದಿನದಲ್ಲಿ ಇಳಿಯುತ್ತದೆ.

ಇಲ್ಲ ಎಂದ ಮೇಲೆ ಸುಮ್ಮನಾಗಬೇಡಿ, ನಮಗೂ ತಿಳಿಸಿ. ಇಲ್ಲದಿದ್ದರೆ ಅವರು ಹೊಳೆ ದಾಟುತ್ತಾರೆ. ನಮ್ಮದು ಗಡಿ ಜಿಲ್ಲೆ. ಒಂದು ಕಡೆ ತೆಲಂಗಾಣ, ಒಂದು ಕಡೆ ಆಂಧ್ರ. ರಾತ್ರೋರಾತ್ರಿ ಯಾವುದೋ ಗುಡಿಯಲ್ಲಿ ತಾಳಿ ಕಟ್ಟಿಸಿ ಬಂದವರಿದ್ದಾರೆ. ಮೊದಲೇ ತಿಳಿದರೆ 13ನೇ ಕಲಂ ಪ್ರಕಾರ ನ್ಯಾಯಾಧೀಶರಿಂದ ತಡೆಯಾಜ್ಞೆ ತರಬಹುದು. ಆ ಕಾಗದ ಕೈಯಲ್ಲಿದ್ದರೆ ಅಪ್ಪನಿಗೂ ಒಂದು ಅನುಕೂಲವಿದೆ, ಇದನ್ನು ಯಾರೂ ಹೇಳುವುದಿಲ್ಲ. ಬೀಗರ ಮುಂದೆ 'ನಾನೇನ್ ಮಾಡ್ಲಿ, ಕೋರ್ಟಿಂದ ಬಂದದ' ಎಂದು ಹೇಳಿ ಮಾನ ಉಳಿಸಿಕೊಳ್ಳಬಹುದು. ಎಷ್ಟೋ ಅಪ್ಪಂದಿರು ಅಂಥ ಒಂದು ನೆವಕ್ಕೇ ಕಾದಿರುತ್ತಾರೆ.

ಎಲ್ಲ ಸಿಟ್ಟೂ ಒಂದೇ ಅಲ್ಲ. ಮದುವೆ ಮಾಡಲು ಹೊರಟ ಅಪ್ಪ ತಾನು ಒಳ್ಳೆಯದು ಮಾಡುತ್ತಿದ್ದೇನೆ ಎಂದು ನಂಬಿರುತ್ತಾನೆ. ಆದ್ದರಿಂದ ಅವನ ಜೊತೆ ಕಟ್ಟೆಯ ಮೇಲೆ ಕುಳಿತು ಮಾತಾಡಬಹುದು. ಮಗುವನ್ನು ಹೊಡೆಯುವವನ ಮನೆಗೆ ಹಾಗೆ ಹೋಗಲಾಗದು. ರಾಯಚೂರಿನಲ್ಲಿದ್ದಾಗ ಒಬ್ಬ ಹುಡುಗ, ಹನ್ನೊಂದು ವರ್ಷದವನು, ಮನೆ ಬಿಟ್ಟು ಓಡಿ ರೈಲ್ವೆ ನಿಲ್ದಾಣದಲ್ಲಿ ಸಿಕ್ಕಿದ್ದ. ಬೆನ್ನ ಮೇಲೆ ಬೆಲ್ಟಿನ ಗುರುತು. ಅಪ್ಪ ಕುಡಿದು ನಾಲ್ಕು ಜನರನ್ನು ಕಟ್ಟಿಕೊಂಡು ಬಂದ. 'ಹೊಡೀದೆ ಮಕ್ಕಳನ್ನ ಬೆಳಸಾಕ ಆಕ್ಕೇತೇನ್ರಿ? ನಮ್ಮಪ್ಪನೂ ನನಗ ಹೊಡದಾನ' ಎಂದು ಕೂಗಾಡಿದ. ಅಲ್ಲಿ ನೀರು ಕೇಳುವ ಉಪಾಯ ನಡೆಯುವುದಿಲ್ಲ. ಮೊದಲು ಮಗುವನ್ನು ಬೇರೆ ಕೋಣೆಗೆ ಒಯ್ಯಬೇಕು, ಅಪ್ಪನ ದನಿ ಕೇಳದಷ್ಟು ದೂರ. ಪೊಲೀಸರು ಇರಲೇಬೇಕು. ಬಾಲನ್ಯಾಯ ಕಾಯ್ದೆಯ 75ನೇ ಕಲಂ ಪ್ರಕಾರ ತನ್ನ ವಶದಲ್ಲಿರುವ ಮಗುವಿಗೆ ಕ್ರೌರ್ಯ ಎಸಗಿದವರಿಗೆ ಮೂರು ವರ್ಷದವರೆಗೆ ಜೈಲು. ತಂದೆಗೆ ವಿನಾಯಿತಿ ಇಲ್ಲ. ಸಮಿತಿಯವರು ಹುಡುಗನ ಮಾತನ್ನು ಅವನೊಬ್ಬನನ್ನೇ ಕೂರಿಸಿಕೊಂಡು ಕೇಳಿದರು. ಅವನು ಅಜ್ಜಿಯ ಊರಿಗೆ ಹೋಗುತ್ತೇನೆ ಅಂದ. ಅಲ್ಲಿಗೇ ಕಳಿಸಿದರು.

ಸಿಟ್ಟಿನ ತಂದೆಯಿಂದ ಮಗುವನ್ನು ಬಿಡಿಸಿ ತಂದು ನಾವು ಎಲ್ಲಿ ಇಡುತ್ತೇವೆ ಎನ್ನುವುದೂ ಪ್ರಶ್ನೆಯೇ. ಮಠಗಳು ನಡೆಸುವ ಪ್ರಸಾದ ನಿಲಯಗಳು ಈ ನಾಡಿಗೆ ಮಾಡಿದ ಉಪಕಾರ ದೊಡ್ಡದು, ನಾನೂ ಅಂಥ ಅನ್ನ ಉಂಡವಳೇ. ಆದರೆ ರಕ್ಷಣೆ ಬೇಕಾದ ಮಗುವನ್ನು ಇಟ್ಟುಕೊಳ್ಳುವ ಸಂಸ್ಥೆ ಕಾಯ್ದೆಯಡಿ ನೋಂದಣಿಯಾಗಿರಬೇಕು. ಮಗು ಅಲ್ಲಿಯೂ ಬೇಡ ಎನ್ನಲು, ದೂರು ಹೇಳಲು ದಾರಿ ಇರಬೇಕು. ಮಠದ ಗೋಡೆಯೊಳಗಿನ ಮಗುವಿಗೂ 1098 ಗೊತ್ತಿರಬೇಕು. ಗೋಡೆಯ ಮೇಲೆ ದೊಡ್ಡದಾಗಿ ಬರೆಸಿ.

ಮಾನ್ವಿಯ ಆ ಊರಿನ ಕಥೆ ಅರ್ಧಕ್ಕೆ ನಿಲ್ಲಿಸಿದೆ. ಕಲ್ಲು ಬಿದ್ದ ದಿನ ಜೀಪಿನಲ್ಲಿ ಹೋದವರೆಲ್ಲ ಜೀಪಿನಲ್ಲಿ ಬಂದೆವು. ಊರಲ್ಲೇ ಉಳಿದವಳು ಅಲ್ಲಿನ ಅಂಗನವಾಡಿ ಕಾರ್ಯಕರ್ತೆ. ಕರೆ ಮಾಡಿದ್ದು ಅವಳಲ್ಲ, ಅವಳಿಗೆ ಆ ರಾತ್ರಿ ವಿಷಯವೇ ಗೊತ್ತಿರಲಿಲ್ಲ. ಊರು ಮಾತ್ರ ಅವಳೇ ಎಂದು ತೀರ್ಮಾನಿಸಿತು. ಮರುದಿನದಿಂದ ಕೇಂದ್ರಕ್ಕೆ ಮಕ್ಕಳು ಬರಲಿಲ್ಲ. ಬೋರಿನ ನೀರಿಗೆ ಹೋದರೆ ಕೊಡ ಸರಿಸುತ್ತಿದ್ದರು. ಕಿರಾಣಿ ಅಂಗಡಿಯಲ್ಲಿ ಉದ್ದರಿ ನಿಲ್ಲಿಸಿದರು. ಗಂಡನ ಜೊತೆ ಯಾರೂ ಮಾತಾಡಲಿಲ್ಲ. ಸರ್ಕಾರ ಅವಳಿಗೆ ಕೊಡುವುದಕ್ಕೆ ಸಂಬಳ ಎಂದು ಸಹ ಹೆಸರಿಲ್ಲ, ಅದು ಗೌರವಧನ. ಸರ್ಕಾರಿ ನೌಕರರ ಮೇಲೆ ಕೈ ಮಾಡಿದರೆ ಭಾರತೀಯ ನ್ಯಾಯ ಸಂಹಿತೆಯ 132ನೇ ಕಲಂ ಇದೆ. ಕೊಡ ಸರಿಸಿದ್ದಕ್ಕೆ ಯಾವ ಕಲಂ ಹಾಕುತ್ತೀರಿ?

ಮೂರು ತಿಂಗಳು ಹೀಗೆ ನಡೆಯಿತು. ನಾನು ಎರಡು ಸಲ ಹೋಗಿ ಊರವರ ಜೊತೆ ಮಾತಾಡಿದೆ, ಎಲ್ಲರೂ ಹೂಂ ಅಂದರು, ಏನೂ ಬದಲಾಗಲಿಲ್ಲ. ಅದನ್ನು ಬಿಡಿಸಿದವರು ಸಮೀಪದ ಮಠದ ಪೂಜ್ಯರು. ಯಾರು ಹೇಳಿದ್ದರೋ ಗೊತ್ತಿಲ್ಲ. ಪಾದಪೂಜೆಗೆಂದು ಊರಿಗೆ ಬಂದವರು ಗೌಡರ ಮನೆಗೆ ಹೋಗುವ ಮೊದಲು ನೇರ ಅಂಗನವಾಡಿಗೆ ನಡೆದರು. ಚಾಪೆಯ ಮೇಲೆ ಕುಳಿತು, 'ಏನವ್ವಾ, ಇವತ್ತು ಮಕ್ಕಳಿಗೆ ಏನ್ ಮಾಡೀದಿ? ನನಗೂ ಒಂದೀಟ್ ಹಾಕು' ಅಂದರು. ಮಕ್ಕಳೇ ಇಲ್ಲದ ಕೇಂದ್ರ. ಅಜ್ಜಾರು ಅಂಗನವಾಡಿಯಲ್ಲಿ ಊಟಕ್ಕೆ ಕುಂತಾರ ಎಂದು ಸುದ್ದಿ ಹರಿದು ಅರ್ಧ ತಾಸಿನಲ್ಲಿ ಊರೇ ಬಂತು, ಮಕ್ಕಳನ್ನು ಎತ್ತಿಕೊಂಡು ಬಂತು. ಪೂಜ್ಯರು ಆ ಮದುವೆಯ ಬಗ್ಗೆ ಒಂದು ಮಾತೂ ಆಡಲಿಲ್ಲ. ಉಪದೇಶ ಮಾಡಲಿಲ್ಲ. ಉಂಡು, ಕೈ ತೊಳೆದು, ಪಾದಪೂಜೆಗೆ ಹೋದರು. ಮರುದಿನ ಹನ್ನೊಂದು ಮಕ್ಕಳು ಬಂದರು ಎಂದು ಅವಳು ಫೋನು ಮಾಡಿದಳು.

ಇಂಥದ್ದು ಸರ್ಕಾರದ ಕೈಯಲ್ಲಿ ಆಗುವುದಲ್ಲ. ನಿಮ್ಮ ನಿಮ್ಮ ಊರಿನ ಕಾರ್ಯಕರ್ತೆ ಯಾರು, ಅವಳ ಮನೆಗೆ ನೀರು ಉದ್ದರಿ ನಡೆಯುತ್ತಿದೆಯೇ ಎಂದು ಒಮ್ಮೆ ವಿಚಾರಿಸಿ. ಕರೆ ಮಾಡಿದವರು ಯಾರು ಎಂದು ಕೆದಕುವ ಚಟ ನಮ್ಮ ಊರುಗಳಿಗೆ ಬಹಳ. ಕಟ್ಟೆಯ ಮೇಲೆ ಆ ಮಾತು ಬಂದರೆ ಅಲ್ಲೇ ನಿಲ್ಲಿಸಿ.

ನಮ್ಮ ಜಿಲ್ಲೆಯ ಲಿಂಗಸುಗೂರು ಕಡೆಯ ಅಮರೇಶ್ವರದವರು ಆಯ್ದಕ್ಕಿ ಮಾರಯ್ಯ, ಲಕ್ಕಮ್ಮ ಎಂದು ಪರಂಪರೆ ಹೇಳುತ್ತದೆ. ಗಂಡ ಅಗತ್ಯಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಒಯ್ದು ವಾಪಸು ಹಾಕಿ ಬಾ ಎಂದವಳು ಲಕ್ಕಮ್ಮ. ಮನೆಯೊಳಗೆ ಗಂಡಸು ತಂದದ್ದನ್ನು ಇದು ಸರಿಯಲ್ಲ ಎಂದು ಹೊಸ್ತಿಲಲ್ಲೇ ತಡೆಯಬಹುದು ಎಂದು ನಮಗೆ ಹೊರಗಿನವರು ಕಲಿಸಬೇಕಾಗಿಲ್ಲ. ಹಿಂದಿನ ಸಾಲಿನ ತಾಯಂದಿರಿಗೆ ಇದನ್ನು ಹೇಳುತ್ತಿದ್ದೇನೆ. ಅಣ್ಣ ತಮ್ಮಂದಿರು ಮಗಳನ್ನು ಕೇಳಿಕೊಂಡು ಬಂದಾಗ ತವರು ತಪ್ಪೀತೆಂಬ ಹೆದರಿಕೆ ನಿಮ್ಮದು, ಅದು ನನಗೆ ಗೊತ್ತು. ನಿಮ್ಮ ಬಾಯಲ್ಲಿ ಹೇಳಲಾಗದಿದ್ದರೆ ನಮಗೆ ಹೇಳಿ. ಇಲ್ಲ ಎಂದವರು ನಾವು ಎಂದು ಆಗಲಿ. ಬೈಗುಳ ನಮಗೆ ಬರಲಿ, ಅಭ್ಯಾಸವಿದೆ.

ಕರೆ ಮಾಡುವುದು ಹೇಗೆಂದು ಬಹಳ ಜನ ಕೇಳುತ್ತಾರೆ. 1098, ಹಗಲು ರಾತ್ರಿ ಇರುತ್ತದೆ, ದುಡ್ಡು ಬೀಳುವುದಿಲ್ಲ. ಹೊಡೆದಾಟ ನಡೆದಿದ್ದರೆ 112. ನಿಮ್ಮ ಹೆಸರು ಹೇಳುವುದು ಬೇಡವಾದರೆ ಹೇಳಬೇಡಿ. ಹುಡುಗಿಯ ಹೆಸರು, ಊರು, ಓದುವ ಅಥವಾ ಬಿಟ್ಟ ಶಾಲೆ, ಮದುವೆಯ ದಿನ, ಎಲ್ಲಿ ನಡೆಯುತ್ತದೆ, ಇಷ್ಟು ಹೇಳಿ. ದಿನ ಗೊತ್ತಿಲ್ಲದಿದ್ದರೂ ನಿಶ್ಚಯವಾಗಿದೆ ಎಂದು ಕಿವಿಗೆ ಬಿದ್ದಕೂಡಲೇ ಮಾಡಿ. ದಿನ ಗೊತ್ತಾಗಲಿ ಎಂದು ಕಾಯಬೇಡಿ.

ಯುಗಾದಿ ಮುಗಿದರೆ ಲಗ್ನದ ಕಾಲ ಶುರು. ಮಂಟಪದ ವ್ಯವಸ್ಥಾಪಕರು ಯಾರಾದರೂ ಬಂದಿದ್ದರೆ ಪ್ರಸಾದದ ನಂತರ ಐದು ನಿಮಿಷ ಸಿಗಿ. ವಯಸ್ಸಿನ ದಾಖಲೆ ಕೇಳುವ ಒಂದು ಪುಟದ ಅರ್ಜಿಯ ಮಾದರಿ ತಂದಿದ್ದೇನೆ, ಜೆರಾಕ್ಸ್ ಮಾಡಿಸಿಕೊಳ್ಳಿ.